ಒಂದೇ ಮಾತ್ರೆ, ಎರಡು ವೈರಸ್‌

ಎಆರ್‌ಟಿ (ಎಚ್‌ಐವಿಯನ್ನು ಹತ್ತಿಕ್ಕುವ ಔಷಧ ಚಿಕಿತ್ಸೆ) ಕೇಂದ್ರಗಳಲ್ಲಿ ಎಚ್‌ಐವಿ ಸೋಂಕಿತ ವಯಸ್ಕರಿಗೆ ಸಾಮಾನ್ಯವಾಗಿ ಕೊಡುವ ದಿನಕ್ಕೊಂದು ಮಾತ್ರೆಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್ ಮತ್ತು ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳಿವೆ. ಇವುಗಳಲ್ಲಿ ಮೊದಲ ಎರಡು ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ಸನ್ನೂ ಹತ್ತಿಕ್ಕುತ್ತವೆ. ಹೆಪಟೈಟಿಸ್ ಬಿ ಡಿಎನ್‌ಎ ವೈರಸ್ಸಾದರೂ, ವೃದ್ಧಿಯಾಗುವಾಗ ಮೊದಲು ಆರ್‌ಎನ್‌ಎ ಪ್ರತಿಯನ್ನು ಮಾಡಿಕೊಂಡು, ಒಂದು ಕಿಣ್ವದ ನೆರವಿನಿಂದ ಅದರಿಂದ ಮತ್ತೆ ಡಿಎನ್‌ಎಯನ್ನು ರಚಿಸುತ್ತದೆ. ಎಚ್‌ಐವಿ ಬಳಸುವುದೂ ಇಂಥದೇ ಕಿಣ್ವವನ್ನು. ಎರಡೂ ಔಷಧಗಳು ತಡೆಯುವುದು ಆ ಕಿಣ್ವದ ಕೆಲಸವನ್ನು.

ರಕ್ತ, ಲೈಂಗಿಕ ಸಂಪರ್ಕ, ತಾಯಿಯಿಂದ ಮಗು: ಎರಡೂ ವೈರಸ್‌ಗಳು ಹರಡುವ ದಾರಿಗಳು ಒಂದೇ ಆದ್ದರಿಂದ ಒಬ್ಬರಲ್ಲೇ ಎರಡೂ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ. ಆರೋಗ್ಯವಂತ ವಯಸ್ಕರಲ್ಲಿ ಹೆಪಟೈಟಿಸ್ ಬಿ ಸೋಂಕು ಶಾಶ್ವತವಾಗಿ ಉಳಿಯುವುದು ನೂರಕ್ಕೆ ಸುಮಾರು 5 ಮಂದಿಯಲ್ಲಿ ಮಾತ್ರ. ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಈ ಪ್ರಮಾಣ ಹಲವು ಪಟ್ಟು ಹೆಚ್ಚು, ಸಿರೋಸಿಸ್ (ಯಕೃತ್ತು ಗಾಯದ ಕಲೆಗಳಿಂದ ಗಟ್ಟಿಯಾಗುವುದು) ಕೂಡ ಬೇಗನೆ ಬರುತ್ತದೆ.

ಭಾರತದಲ್ಲಿ 2004ರಲ್ಲಿ ಉಚಿತ ಎಆರ್‌ಟಿ ಆರಂಭವಾದಾಗ ಬಳಕೆಯಲ್ಲಿದ್ದ ಔಷಧಗಳ ಪೈಕಿ ಹೆಪಟೈಟಿಸ್ ಬಿಗೆ ನಾಟುತ್ತಿದ್ದುದು ಲ್ಯಾಮಿವುಡಿನ್ ಒಂದೇ. ಅದೊಂದನ್ನೇ ನಂಬಿದರೆ ಕೆಲವೇ ವರ್ಷಗಳಲ್ಲಿ ಬಹುತೇಕ ಜಂಟಿ ಸೋಂಕಿತರಲ್ಲಿ ವೈರಸ್ ಅದಕ್ಕೆ ಬಗ್ಗದಂತಾಗುತ್ತದೆ. ಟೆನೊಫೊವಿರ್ ಸೇರಿದ ಮೇಲೆ ಪರಿಸ್ಥಿತಿ ಬದಲಾಯಿತು. ಆದರೂ ಯಕೃತ್ತಿನ ಜೀವಕೋಶಗಳ ಕೇಂದ್ರದಲ್ಲಿ ವೈರಸ್ಸಿನ ಡಿಎನ್‌ಎ ಉಂಗುರದಂತೆ ಸುತ್ತಿಕೊಂಡು ಉಳಿದೇ ಇರುತ್ತದೆ. ಔಷಧ ಅದನ್ನು ಅಳಿಸುವುದಿಲ್ಲ.

ನನ್ನ ದೃಷ್ಟಿಯಲ್ಲಿ ರೋಗಿಗಳಿಗೆ ಸಾಕಷ್ಟು ತಿಳಿಸದೆ ಉಳಿದಿರುವ ಸಂಗತಿ ಇದೇ. ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಹೆಪಟೈಟಿಸ್ ಬಿ ಕೆಲವು ವಾರ, ತಿಂಗಳುಗಳಲ್ಲಿ ಉಲ್ಬಣಿಸಿ ಯಕೃತ್ತು ವಿಫಲವಾಗುವ ಅಪಾಯವಿದೆ. ಆಗ ಕಾಣುವ ಕಾಮಾಲೆಗೆ ನಾಟಿ ಔಷಧ ಹುಡುಕುತ್ತ ದಿನ ಕಳೆಯುವುದು ನಮ್ಮಲ್ಲಿ ಹೊಸತಲ್ಲ. ವೈದ್ಯರೇ ಔಷಧ ಬದಲಿಸುವಾಗಲೂ ಎಚ್ಚರ ಬೇಕು: ಮೂತ್ರಪಿಂಡದ ತೊಂದರೆಯಿಂದ ಟೆನೊಫೊವಿರ್ ಬಿಡಬೇಕಾದರೆ ಎಂಟೆಕಾವಿರ್‌ನಂಥ ಬದಲಿಯನ್ನು ಸೇರಿಸಬೇಕಾದೀತು, ಕ್ಯಾಬೊಟೆಗ್ರಾವಿರ್–ರಿಲ್ಪಿವಿರಿನ್ ಚುಚ್ಚುಮದ್ದು ಎಚ್‌ಐವಿಯನ್ನು ತಡೆದರೂ ಹೆಪಟೈಟಿಸ್ ಬಿಯನ್ನು ತಡೆಯದು.

ಎಚ್‌ಬಿಎಸ್‌ಎಜಿ ಎಂಬ ರಕ್ತಪರೀಕ್ಷೆ ಹೆಪಟೈಟಿಸ್ ಬಿ ಸೋಂಕನ್ನು ತೋರಿಸುತ್ತದೆ. ಆ ಸೋಂಕಿಲ್ಲದ, ಅದರ ವಿರುದ್ಧ ರಕ್ಷಣೆಯೂ ಇಲ್ಲದ ಎಚ್‌ಐವಿ ಬಾಧಿತರಿಗೆ ಲಸಿಕೆ ಹಾಕಬಹುದು. ಅವರಲ್ಲಿ ಲಸಿಕೆಯ ಪರಿಣಾಮ ಕಡಿಮೆಯಾಗುವುದರಿಂದ ಹಲವೆಡೆ ಇಮ್ಮಡಿ ಪ್ರಮಾಣ ಕೊಟ್ಟು, ಕೊನೆಯ ಡೋಸಿನ ಒಂದೆರಡು ತಿಂಗಳ ನಂತರ ಪ್ರತಿಕಾಯಗಳ ಮಟ್ಟವನ್ನು ಅಳೆದು ನೋಡುತ್ತಾರೆ.