ಅಮೆರಿಕದ ಹಳೆಯ ಫೋಟೋಗಳನ್ನು ಎಷ್ಟು ನಂಬಬಹುದು?

ಓದುಗರ ಪ್ರಶ್ನೆ: ಅಮೆರಿಕದ ಇತಿಹಾಸ ಓದುವಾಗ ಆ ಕಾಲದ ಫೋಟೋಗಳನ್ನೇ ಸಾಕ್ಷಿ ಎಂದು ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಬಹುದು. ಆದರೆ ಸಾಕ್ಷಿ ಹೇಳುವವರನ್ನು ನಾಲ್ಕು ಪ್ರಶ್ನೆ ಕೇಳುತ್ತೇವೆ ಅಲ್ವಾ, ಫೋಟೋವನ್ನೂ ಹಾಗೇ ಕೇಳಬೇಕು. ಡೊರೋಥಿಯಾ ಲ್ಯಾಂಗ್ ಎಂಬ ಒಬ್ಬರೇ ಫೋಟೋಗ್ರಾಫರ್ ತೆಗೆದ ಎರಡು ಚಿತ್ರಗಳನ್ನು ನೋಡೋಣ.

ಮೊದಲನೆಯದನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ಗಲ್ಲಕ್ಕೆ ಕೈ ಆನಿಸಿ ದೂರ ನೋಡುತ್ತಿರುವ ತಾಯಿ. ಅವಳ ಹೆಗಲಿಗೆ ಒರಗಿ ಮುಖ ಮುಚ್ಚಿಕೊಂಡ ಇಬ್ಬರು ಮಕ್ಕಳು. ಮಡಿಲಲ್ಲೊಂದು ಕೂಸು. ಇದು 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ತೆಗೆದದ್ದು. ಬಟಾಣಿ ಬೆಳೆ ಕೈಕೊಟ್ಟು, ಬಿಡಿಸಲು ಬಂದಿದ್ದ ಕೂಲಿಗಳು ಹಸಿದು ಕೂತಿದ್ದರು. ಲ್ಯಾಂಗ್ ಆಗ ಸರ್ಕಾರಕ್ಕಾಗಿ ಫೋಟೋ ತೆಗೆಯುತ್ತಿದ್ದರು. ಬಡ ರೈತರಿಗೆ, ಕೂಲಿಗಳಿಗೆ ನೆರವು ಕೊಡುವ ಯೋಜನೆಗಳನ್ನು ಜನ ಒಪ್ಪಬೇಕಿತ್ತು. ಆ ಕೆಲಸ ಇಂಥ ಚಿತ್ರಗಳಿಂದ ಆಗುತ್ತಿತ್ತು. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಸುಮಾರು 9,000 ಕಿಲೋ ಆಹಾರ ಆ ಕೂಲಿಗಳ ಶಿಬಿರಕ್ಕೆ ಬಂತು. ಅಷ್ಟರಲ್ಲಿ ಆ ತಾಯಿ ಬೇರೆ ಊರಿಗೆ ಹೋಗಿಯಾಗಿತ್ತು.

ಲ್ಯಾಂಗ್ ಅವಳ ಹೆಸರು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿದದ್ದು 1978ರಲ್ಲಿ. ಅವರು ಚೆರೋಕಿ ಮೂಲನಿವಾಸಿ ಮನೆತನದವರು. ಬಿಳಿಯ ಬಡವರ ಗುರುತು ಎಂದು ನಾಲ್ಕು ದಶಕ ದೇಶವೆಲ್ಲ ನೋಡಿದ ಮುಖ ಅದು! ಊಟಕ್ಕಾಗಿ ಕಾರಿನ ಟೈರ್ ಮಾರಿದ್ದರು ಎಂದು ಲ್ಯಾಂಗ್ ಬರೆದಿದ್ದರು. ಮನೆಯವರು ಅದು ನಿಜವಲ್ಲ ಎಂದರು. ಆ ಫೋಟೋದಿಂದ ತಮಗೆ ಒಂದು ಕಾಸೂ ಸಿಗಲಿಲ್ಲ ಎಂಬ ನೋವು ಫ್ಲಾರೆನ್ಸ್ ಅವರಿಗೆ ಇತ್ತು. ಆ ನೋವು ನ್ಯಾಯವಾದದ್ದು ಎಂದೇ ನನಗನ್ನಿಸುತ್ತದೆ. ಅಲ್ಲಿನ ಹಸಿವು ನಿಜ, ಚಿತ್ರವೂ ನಿಜ. ಅದರ ಕೆಳಗೆ ಬರೆದ ಮಾತನ್ನು ಮಾತ್ರ ಬೇರೆಯಾಗಿ ಪರೀಕ್ಷಿಸಬೇಕು.

ಈಗ ಎರಡನೆಯದು. 1941ರ ಡಿಸೆಂಬರ್ 7ರಂದು ಜಪಾನ್ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಮರುದಿನವೇ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನ ಒಂದು ದಿನಸಿ ಅಂಗಡಿಯ ಮೇಲೆ ‘ನಾನೊಬ್ಬ ಅಮೆರಿಕನ್’ ಎಂಬ ದೊಡ್ಡ ಬೋರ್ಡ್ ಬಂತು. ಮಾಲೀಕ ಜಪಾನಿ ಮೂಲದವರು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು. 1942ರ ಮಾರ್ಚ್‌ನಲ್ಲಿ ಲ್ಯಾಂಗ್ ಅದರ ಫೋಟೋ ತೆಗೆದರು. ಶತ್ರು ದೇಶದ ಮೂಲದವರು ಎಂಬ ಅನುಮಾನದಿಂದ ಆ ವರ್ಷ ಅಮೆರಿಕ ಸರ್ಕಾರ ಜಪಾನಿ ಮೂಲದವರನ್ನು ಮನೆ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಲು ಶುರುಮಾಡಿತು. ಒಟ್ಟು ಸುಮಾರು 1,20,000 ಜನ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ.

ಇದನ್ನು ದಾಖಲಿಸಲೂ ಸರ್ಕಾರವೇ ಲ್ಯಾಂಗ್ ಅವರನ್ನು ನೇಮಿಸಿತ್ತು. ಆದರೆ ಮುಳ್ಳುತಂತಿ, ಕಾವಲು ಗೋಪುರ, ಬಂದೂಕು ಹಿಡಿದ ಸೈನಿಕರನ್ನು ತೆಗೆಯಬಾರದು ಎಂಬ ಕಟ್ಟುಪಾಡಿತ್ತು. ಅವರು ತೆಗೆದದ್ದು ತಮಗೆ ಅನುಕೂಲವಾಗಿಲ್ಲ ಎನ್ನಿಸಿದಾಗ ಸೇನೆಯವರು ಯುದ್ಧ ಮುಗಿಯುವವರೆಗೆ ಆ ಚಿತ್ರಗಳನ್ನು ತಡೆಹಿಡಿದರು. ಆರು ವರ್ಷ ಹಿಂದೆ ಅದೇ ಕಣ್ಣು, ಅದೇ ಕೈ ಸರ್ಕಾರಕ್ಕೆ ಬೇಕಾಗಿತ್ತು.

ಹಾಗಾಗಿ ಆ ಶಿಬಿರಗಳ ಫೋಟೋ ನೋಡುವಾಗ, ಬೇಲಿ ಕಾಣುವುದಿಲ್ಲ ಎಂದು ಬೇಲಿ ಇರಲಿಲ್ಲ ಎಂದುಕೊಳ್ಳಬೇಡಿ. ಓಕ್ಲೆಂಡ್ ಚಿತ್ರವನ್ನು ಸುಮ್ನೆ ಒಮ್ಮೆ ದೊಡ್ಡದು ಮಾಡಿ ನೋಡಿ. ‘ನಾನೊಬ್ಬ ಅಮೆರಿಕನ್’ ಬೋರ್ಡಿನ ಮೇಲೆ ಇನ್ನೊಂದು ಬೋರ್ಡ್ ಇದೆ. ಅಂಗಡಿ ಮಾರಾಟವಾಗಿದೆ ಎಂದು ಅದರಲ್ಲಿ ಬರೆದಿದೆ.