ಗಾಳಿ ಜೋರಾಗಿದ್ದರೂ ಗದಗದ ಫ್ಯಾನು ನಿಲ್ಲೋದು ಯಾಕೆ?

ಪ್ರಶ್ನೆ: ಆಷಾಢದಲ್ಲಿ ಗದಗ ಕಡೆ ಗಾಳಿ ಭರ್ರನೆ ಬೀಸುತ್ತಿರುತ್ತದೆ. ಆದರೂ ಗುಡ್ಡದ ಮೇಲಿನ ಕೆಲವು ಗಾಳಿ ಫ್ಯಾನುಗಳು ಸುಮ್ನೆ ನಿಂತಿರುತ್ತವೆ. ಬೇಕಂತಲೇ ನಿಲ್ಲಿಸುತ್ತಾರಾ? ಹಾಗಿದ್ದರೆ ಬೇಸಿಗೆಯಲ್ಲಿ ಹೊಲದ ಮೋಟರಿಗೆ ಇಡೀ ದಿನ ತ್ರೀಫೇಸ್ ಯಾಕಿಲ್ಲ?

ಉತ್ತರ: ಕೆಲವು ರಿಪೇರಿಗೆ ನಿಂತಿರುತ್ತವೆ, ಅವನ್ನು ಬಿಡಿ. ಕೆಲವನ್ನು ಬೇಕಂತಲೇ ನಿಲ್ಲಿಸುವುದೂ ಉಂಟು. ಕಾರಣ ಫ್ರೀಕ್ವೆನ್ಸಿ, ಇಲ್ಲವೇ ಲೈನು.

ನಮ್ಮ ಕರೆಂಟಿನ ಫ್ರೀಕ್ವೆನ್ಸಿ 50 ಹರ್ಟ್ಸ್, ಅಂದರೆ ಅದು ಸೆಕೆಂಡಿಗೆ 50 ಸಲ ಹಿಂದೆ-ಮುಂದೆ ತೂಗುತ್ತದೆ. ಜನರೇಟರಿನ ವೇಗ ಇಳಿದರೆ ಇದೂ ಇಳಿಯುತ್ತದೆ, ಏರಿದರೆ ಏರುತ್ತದೆ. ಬಂಡಿ ಏರಿಗೆ ಬಂದರೆ ಎತ್ತಿನ ನಡಿಗೆ ನಿಧಾನ ಆಗುತ್ತದಲ್ವಾ, ಹಾಗೇ ಬಳಕೆ ಹೆಚ್ಚಿದರೆ ಜನರೇಟರುಗಳ ವೇಗ ಇಳಿಯುತ್ತದೆ. ಬಳಕೆ ಕಡಿಮೆಯಾದರೆ ಏರುತ್ತದೆ. ಫ್ರೀಕ್ವೆನ್ಸಿ 49.90ರಿಂದ 50.05ರ ಒಳಗೆ ಇರಬೇಕು ಅಂತ ನಿಯಮ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಲೈನ್ ಮೂಲಕ ದಕ್ಷಿಣದ ವಿದ್ಯುತ್ ಜಾಲ ಉಳಿದ ದೇಶದ ಜಾಲಕ್ಕೆ ಕೂಡಿದ ಮೇಲೆ ಹುಬ್ಬಳ್ಳಿಗೂ ದಿಲ್ಲಿಗೂ ಒಂದೇ ಫ್ರೀಕ್ವೆನ್ಸಿ.

ಈ ಫ್ರೀಕ್ವೆನ್ಸಿಯನ್ನು ಮಾರುಕಟ್ಟೆ ಕಾಯುತ್ತದೆ ಅಂತ ಹೇಳುವವರಿದ್ದಾರೆ. ಅರ್ಧ ನಿಜ. ದಿನವನ್ನು 15 ನಿಮಿಷದ 96 ತುಂಡು ಮಾಡಿ, ಯಾವ ತುಂಡಿಗೆ ಎಷ್ಟು ಕರೆಂಟು ಬೇಕು ಅಂತ ಮೊದಲೇ ಲೆಕ್ಕ ಹಾಕುತ್ತಾರೆ. ಅಗ್ಗದ ಕರೆಂಟಿಗೆ ಮೊದಲ ಪಾಳಿ. ಕೊರತೆ ಬಿದ್ದರೆ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಖರೀದಿ. 2020ರ ಜೂನ್‌ನಿಂದ ಅಲ್ಲಿ ಅರ್ಧ ಗಂಟೆಗೊಮ್ಮೆ ಹರಾಜು ನಡೆಯುತ್ತದೆ. ಲೆಕ್ಕ ತಪ್ಪಿ ನಡೆದವರಿಗೆ ದಂಡ.

ಆದರೆ ಗಾಳಿ, ಮೋಡ 15 ನಿಮಿಷದ ಲೆಕ್ಕ ಕೇಳುತ್ತವೆಯೇ? ಕ್ಷಣಕ್ಷಣದ ಏರುಪೇರನ್ನು ನೋಡಿಕೊಳ್ಳುವುದು ಯಂತ್ರಗಳ ಗವರ್ನರ್, ಅಂದರೆ ವೇಗ ಕಾಯುವ ಸಾಧನ. ಅದರ ಹಿಂದೆ ದೇಶದ ವಿದ್ಯುತ್ ಜಾಲ ನೋಡಿಕೊಳ್ಳುವ ದಿಲ್ಲಿಯ ರಾಷ್ಟ್ರೀಯ ಕೇಂದ್ರ 4 ಸೆಕೆಂಡಿಗೊಮ್ಮೆ ದೊಡ್ಡ ಸ್ಥಾವರಗಳಿಗೆ ತಾನಾಗಿಯೇ ಸಂಕೇತ ಕಳಿಸುತ್ತಿರುತ್ತದೆ. ಅದಕ್ಕೂ ಮಿಕ್ಕಿದ್ದಕ್ಕೆ ಶರಾವತಿ, ನಾಗಝರಿಯಂಥ ಜಲವಿದ್ಯುತ್ ಬೇಕು. ನೀರಿನ ಯಂತ್ರ ನಿಮಿಷಗಳಲ್ಲಿ ಏರಿಳಿಯುತ್ತದೆ. 2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ 9 ನಿಮಿಷ ದೀಪ ಆರಿಸಿದ್ದು ನೆನಪಿದೆಯಾ? ಆಗ ದೇಶದ ಬಳಕೆ ಸುಮಾರು 31 ಸಾವಿರ ಮೆಗಾವ್ಯಾಟ್ ಕುಸಿದು ಮತ್ತೆ ಏರಿತು. ಫ್ರೀಕ್ವೆನ್ಸಿ 49.7ಕ್ಕಿಂತ ಇಳಿಯಲಿಲ್ಲ, 50.3 ದಾಟಲಿಲ್ಲ. ಮಾನ ಕಾಪಾಡಿದ್ದು ಹೆಚ್ಚಾಗಿ ನೀರೇ.

ಈಗ ಗದಗಕ್ಕೆ ಬರೋಣ. ಜುಲೈಯಲ್ಲಿ ಮಳೆ, ಮೋಟರುಗಳು ಬಂದ್, ಗಾಳಿ ಮಾತ್ರ ಜಾಸ್ತಿ. ಮೊದಲು ನೀರಿನ ಯಂತ್ರ ತಗ್ಗಿಸುತ್ತಾರೆ, ಕಲ್ಲಿದ್ದಲು ತಗ್ಗಿಸುತ್ತಾರೆ. ಕಲ್ಲಿದ್ದಲಿನ ಘಟಕವನ್ನು ಸಾಮಾನ್ಯವಾಗಿ ಸಾಮರ್ಥ್ಯದ ಶೇ 55ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಪೂರ್ತಿ ಆರಿಸಿದರೆ ಮತ್ತೆ ಹೊತ್ತಿಸಲು ಗಂಟೆಗಟ್ಟಲೆ ಬೇಕು, ಸಂಜೆಯ ಬಳಕೆ ಅಷ್ಟರಲ್ಲಿ ಬಂದೇ ಬಿಡುತ್ತದೆ. ಆಗಲೂ ಕರೆಂಟು ಹೆಚ್ಚಾಗಿ ಉಳಿದರೆ, ಅಥವಾ ಅಲ್ಲಿಂದ ಹೊರಗೆ ಹೋಗುವ ಲೈನಿಗೆ ಭಾರ ತಡೆಯದಿದ್ದರೆ, ಫ್ಯಾನು ನಿಲ್ಲಿಸಿ ಅಂತ ಆದೇಶ ಬರುತ್ತದೆ. ಬೇರೆಡೆ ಅಗ್ಗಕ್ಕೆ ಸಿಗುತ್ತದೆ ಅಂತ ಮಾತ್ರ ನಿಲ್ಲಿಸುವ ಹಾಗಿಲ್ಲ. 2021ರ ಕೇಂದ್ರ ನಿಯಮ ಅದನ್ನು ತಡೆಯುತ್ತದೆ. ಈ ನಿಯಮ ಸರಿಯಾದದ್ದೇ ಅನ್ನೋದು ನನ್ನ ಅಭಿಪ್ರಾಯ.

ಇನ್ನು ಬೇಸಿಗೆಯ ಮೋಟರು. ಜುಲೈನ ಗಾಳಿಯನ್ನು ಮಾರ್ಚ್‌ವರೆಗೆ ಕೂಡಿಡುವ ದಾರಿಯಿಲ್ಲ. ಬ್ಯಾಟರಿಯಾಗಲಿ, ನೀರನ್ನು ಮತ್ತೆ ಮೇಲಕ್ಕೆತ್ತುವ ಯೋಜನೆಯಾಗಲಿ ಹಿಡಿದಿಡುವುದು ಕೆಲವು ಗಂಟೆಯ ಕರೆಂಟನ್ನು. ಮಾರ್ಚ್‌ನಲ್ಲಿ ಗಾಳಿ ಸೋಲುತ್ತದೆ, ಬಿಸಿಲಿನ ಸೋಲಾರ್ ಕರೆಂಟು ಕೈಹಿಡಿಯುತ್ತದೆ. ಹಾಗಾಗಿಯೇ ಪಂಪ್‌ಸೆಟ್‌ಗಳ ಸರದಿಯನ್ನು ಆದಷ್ಟು ಹಗಲಿಗೆ ತರುತ್ತಿದ್ದಾರೆ. ರೈತನಿಗೂ ರಾತ್ರಿ ಹಾವು-ಚೇಳಿನ ನಡುವೆ ನೀರು ಹಾಯಿಸೋದು ತಪ್ಪುತ್ತದೆ.