ಟೈಪ್ 2ರ ಮಾತ್ರೆ ಟೈಪ್ 1ರ ಪಾಠದಲ್ಲಿ ಯಾಕೆ ಬಂತು?

ಪಯೋಗ್ಲಿಟಜೋನ್ ಟೈಪ್ 2 ಮಧುಮೇಹದ ಮಾತ್ರೆ. ಅದೇ ಗುಂಪಿನ ಔಷಧಿಗಳನ್ನು ಟೈಪ್ 1 ಬರುವ ಇಲಿಗಳಿಗೂ ಕೊಟ್ಟು ನೋಡಿದ್ದಾರೆ. ಓದುವಾಗ ನಾನು ಇಲ್ಲೇ ತುಂಬಾ ಹೊತ್ತು ನಿಂತೆ. ಎರಡೂ ಬೇರೆ ಬೇರೆ ಕಾಯಿಲೆ, ಅಲ್ವಾ? ಟೈಪ್ 2ರಲ್ಲಿ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಟೈಪ್ 1ರಲ್ಲಿ ನಮ್ಮದೇ ಟಿ ಕೋಶಗಳು, ಅಂದರೆ ರೋಗನಿರೋಧಕ ಪಡೆಯ ಕೋಶಗಳು, ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ಕೊಲ್ಲುತ್ತವೆ. ಇನ್ಸುಲಿನ್ ಮಾಡುವ ಕೋಶಗಳೇ ಉಳಿಯುವುದಿಲ್ಲ.

ಉತ್ತರ ನ್ಯೂಕ್ಲಿಯರ್ ರಿಸೆಪ್ಟರ್‌ಗಳಲ್ಲಿದೆ. ರಿಸೆಪ್ಟರ್ ಅಂದರೆ ಸಂದೇಶ ತರುವ ಅಣುವನ್ನು ಹಿಡಿಯುವ ಪ್ರೋಟೀನ್. ಇನ್ಸುಲಿನ್ ರಿಸೆಪ್ಟರ್ ಕೋಶದ ಹೊರ ಪೊರೆಯಲ್ಲಿರುತ್ತದೆ. ನ್ಯೂಕ್ಲಿಯರ್ ರಿಸೆಪ್ಟರ್‌ಗಳು ಹಾಗಲ್ಲ, ಕೋಶದ ಒಳಗಿರುತ್ತವೆ. ಕೊಬ್ಬಿನಲ್ಲಿ ಕರಗುವ ಸಣ್ಣ ಅಣುಗಳು ಪೊರೆ ದಾಟಿ ಬಂದು ಇವಕ್ಕೆ ಅಂಟಿಕೊಳ್ಳುತ್ತವೆ. ಆಗ ರಿಸೆಪ್ಟರ್ ನೇರವಾಗಿ ಡಿಎನ್‌ಎ ಹಿಡಿದು ಜೀನ್‌ಗಳ ಕೆಲಸವನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ. ಮನುಷ್ಯರಲ್ಲಿ ಇಂಥವು 48 ಇವೆ.

ಪಯೋಗ್ಲಿಟಜೋನ್ ಅಂಟಿಕೊಳ್ಳುವುದು ಪಿಪಿಎಆರ್ ಗಾಮಾ ಎಂಬ ರಿಸೆಪ್ಟರ್‌ಗೆ. ಕೊಬ್ಬಿನ ಕೋಶದಲ್ಲಿ ಅದು ಕೊಬ್ಬು ಕೂಡಿಡಲು ನೆರವಾಗುತ್ತದೆ. ಆದರೆ ಅದೇ ರಿಸೆಪ್ಟರ್ ರೋಗನಿರೋಧಕ ಪಡೆಯ ಮ್ಯಾಕ್ರೊಫೇಜ್ ಮತ್ತು ಟಿ ಕೋಶಗಳಲ್ಲೂ ಇದೆ. ಅಲ್ಲಿ ಅದು ಉರಿಯೂತ ಹೆಚ್ಚಿಸುವ ಎನ್‌ಎಫ್ ಕಪ್ಪಾ ಬಿ ಎಂಬ ಪ್ರೋಟೀನನ್ನು ತಡೆದು ಉರಿಯೂತದ ಸಂದೇಶಗಳನ್ನು ತಗ್ಗಿಸುತ್ತದೆ. ಹಾಗಾಗಿಯೇ ಆ ಇಲಿ ಪ್ರಯೋಗಗಳು ನಡೆದವು. ಅದಕ್ಕೆ ಬಳಸಿದ್ದು ಜಪಾನಿನಲ್ಲಿ ಬೆಳೆಸಿದ ಎನ್‌ಒಡಿ ಇಲಿಗಳನ್ನು. ಇವಕ್ಕೆ ತಾವಾಗಿಯೇ ಟೈಪ್ 1 ಬರುತ್ತದೆ, ಹೆಣ್ಣಿಲಿಗಳಿಗೆ ಜಾಸ್ತಿ. ಔಷಧಿ ಪಡೆದ ಇಲಿಗಳಲ್ಲಿ ಕಾಯಿಲೆ ಕಡಿಮೆಯಾಯಿತು.

ವಿಟಮಿನ್ ಡಿಗೂ ಇಂಥದ್ದೇ ರಿಸೆಪ್ಟರ್ ಇದೆ, ವಿಡಿಆರ್ ಅಂತ. ಇದರ ಕತೆ ಸ್ವಲ್ಪ ನಿಧಾನವಾಗಿ ಓದಿ. ಉತ್ತರ ಫಿನ್ಲೆಂಡಿನಲ್ಲಿ 1966ರಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಗಮನಿಸಿದರು. ಆಗ ಅಲ್ಲಿ ಕೂಸುಗಳಿಗೆ ದಿನಕ್ಕೆ 2000 ಯೂನಿಟ್ ವಿಟಮಿನ್ ಡಿ ಕೊಡಿ ಎನ್ನುತ್ತಿದ್ದರು. ತಪ್ಪದೆ ಅಷ್ಟು ಪಡೆದ ಮಕ್ಕಳಲ್ಲಿ ಟೈಪ್ 1 ತುಂಬಾ ಕಡಿಮೆ ಕಂಡಿತು. ಇದು ಗಮನಿಸಿದ್ದು ಮಾತ್ರ, ಪ್ರಯೋಗವಲ್ಲ. ಈ ವ್ಯತ್ಯಾಸ ಮರೆಯಬೇಡಿ. ಮುಂದೆ ಆಗಷ್ಟೇ ಟೈಪ್ 1 ಪತ್ತೆಯಾದವರಿಗೆ ಕ್ಯಾಲ್ಸಿಟ್ರಿಯೋಲ್, ಅಂದರೆ ವಿಟಮಿನ್ ಡಿಯ ಸಕ್ರಿಯ ರೂಪ, ಕೊಟ್ಟು ಪ್ರಯೋಗ ಮಾಡಿದರು. ಬೀಟಾ ಕೋಶಗಳ ಕೆಲಸ ಉಳಿಯಲಿಲ್ಲ. ಕಾಯಿಲೆ ಗೊತ್ತಾಗುವ ಹೊತ್ತಿಗೆ ಬಹಳಷ್ಟು ಬೀಟಾ ಕೋಶಗಳು ಹೋಗಿರುತ್ತವೆ ಎಂಬುದನ್ನು ಇದರ ಜೊತೆಗಿಟ್ಟು ಯೋಚಿಸಿ.

ಅದಕ್ಕೇ ನನಗೆ ಎಲ್‌ಆರ್‌ಎಚ್-1 ಮೇಲೆ ಆಸೆ. ಇದು ಪಿತ್ತಜನಕಾಂಗದಲ್ಲಿ ಪಿತ್ತರಸದ ಆಮ್ಲಗಳ ತಯಾರಿ ನೋಡಿಕೊಳ್ಳುವ ನ್ಯೂಕ್ಲಿಯರ್ ರಿಸೆಪ್ಟರ್. 2018ರಲ್ಲಿ ಬಿಎಲ್001 ಎಂಬ ಅಣುವಿನಿಂದ ಇದನ್ನು ಚುರುಕುಗೊಳಿಸಿದಾಗ ಇಲಿಗಳಲ್ಲಿ ದಾಳಿಕೋರ ಕೋಶಗಳ ಆರ್ಭಟ ಇಳಿಯಿತು. ಜೊತೆಗೆ ರಕ್ತದ ಸಕ್ಕರೆ ಏರಿಸುವ ಗ್ಲೂಕಗಾನ್ ಮಾಡುವ ಆಲ್ಫಾ ಕೋಶಗಳಲ್ಲಿ ಕೆಲವು ಬೀಟಾ ಕೋಶಗಳಾಗಿ ಬದಲಾದವು.